ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು



ಇದು ಇಂಗ್ಲಿಷ್ ಮೇಷ್ಟರೊಬ್ಬರ ನೆನಪಿನ ದತ್ತಿ ಉಪನ್ಯಾಸ. ಇಂಥ ವೇದಿಕೆಯ ಮೇಲೆ ಷೇಕ್ಸ್‌ಪಿಯರ್ ಬಗ್ಗೆಯೋ ಅನುವಾದದ ಬಗ್ಗೆಯೋ ಮಾತಾಡುವುದು ವಾಡಿಕೆ. ಐಇಎಲ್‌ಟಿಎಸ್ ಎಂಬ, ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ ವಿಭಾಗದ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದು ಕೋಚಿಂಗ್ ಸೆಂಟರಿನವರ ವಿಷಯ ಅಲ್ವಾ ಸರ್?' ಎಂದರು. ಹೌದು, ಪೂರ್ತಿ ಅವರ ಕೈಗೇ ಬಿಟ್ಟಿದ್ದೇವೆ. ನನ್ನ ತಕರಾರು ಇರುವುದೂ ಅಲ್ಲೇ. ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗಗಳು ಮೂರು ವರ್ಷ ಪಾಠ ಹೇಳಿ, ಕೊನೆಗೆ ಮಕ್ಕಳು ಹದಿನೈದು ಸಾವಿರಕ್ಕೂ ಮೇಲೆ ಶುಲ್ಕ ಕಟ್ಟಿ ಬರೆಯುವ ಪರೀಕ್ಷೆ ಬಂದಾಗ 'ನಮಗೆ ಗೊತ್ತಿಲ್ಲಪ್ಪ' ಎಂದು ಕೈ ತೊಳೆದುಕೊಳ್ಳುತ್ತವೆ.

ಈ ಸಭೆಯಲ್ಲಿ ನರ್ಸಿಂಗ್ ಓದುತ್ತಿರುವವರು ಬಹಳ ಮಂದಿ ಇದ್ದೀರಿ. ಬ್ರಿಟನ್ನಿಗೆ ಹೋಗಬೇಕು ಎನ್ನುವವರಿಗೆ ಅಲ್ಲಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್ ಎಳೆದಿರುವ ಗೆರೆ ನಿಮಗೆ ಬಾಯಿಪಾಠ: ಈ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ ಬ್ಯಾಂಡ್ ಎನ್ನುವ ಅಂಕ 7, ಬರೆಯುವುದರಲ್ಲಿ 6.5. ಬರವಣಿಗೆಗೂ ಮೊದಲು 7 ಇತ್ತು, 2018ರ ಕೊನೆಯಲ್ಲಿ ಅರ್ಧ ಇಳಿಸಿದರು. ಮಾತಿಗೆ ಇಳಿಸಲಿಲ್ಲ. ರೋಗಿಯ ಮಗ್ಗುಲಲ್ಲಿ ನಿಂತವಳು ತಡವರಿಸಬಾರದು ಎನ್ನುವುದು ಅವರ ಲೆಕ್ಕ ಇದ್ದೀತು. ಆ ಲೆಕ್ಕ ನನಗೆ ತಪ್ಪೆನಿಸುವುದಿಲ್ಲ. ಆದರೆ ವಾರ್ಡಿನಲ್ಲಿ ದಿನವಿಡೀ ಮಾತಾಡಿಯೇ ಕೆಲಸ ನಡೆಸುವ ನಮ್ಮ ಹುಡುಗಿಯರು ಸ್ಪೀಕಿಂಗಿನಲ್ಲೇ 6ಕ್ಕೂ 6.5ಕ್ಕೂ ನಿಲ್ಲುತ್ತಾರಲ್ಲ, ಯಾಕೆ? ಈ ಒಂದು ಗಂಟೆಯಲ್ಲಿ ನನಗೆ ಹೇಳಬೇಕಾಗಿರುವುದು ಇದಕ್ಕೆ ಸಂಬಂಧಿಸಿದ್ದು.

ಮೊದಲು ಸ್ವಲ್ಪ ಚರಿತ್ರೆ. ಇಂಗ್ಲಿಷ್ ಮನೆಮಾತಲ್ಲದವರಿಗಾಗಿ ಕೇಂಬ್ರಿಜ್ ವಿಶ್ವವಿದ್ಯಾಲಯ ಪ್ರೊಫಿಷಿಯೆನ್ಸಿ ಪರೀಕ್ಷೆಯನ್ನು ಮೊದಲ ಸಲ ನಡೆಸಿದ್ದು 1913ರಲ್ಲಿ. ಅನುವಾದ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಧ್ವನಿಶಾಸ್ತ್ರ, ಅದರ ಮೇಲೆ ಉಕ್ತಲೇಖನ, ಗಟ್ಟಿಯಾಗಿ ಓದುವುದು, ಸಂಭಾಷಣೆ. ಒಟ್ಟು 12 ಗಂಟೆ. ಕೂತವರು ಮೂವರು, ಮೂವರೂ ಫೇಲು. ಮೊದಲ ಯತ್ನದಲ್ಲಿ ಬ್ಯಾಂಡ್ ಕೈತಪ್ಪಿ ಮಂಕಾಗಿ ಬಂದವರಿಗೆ ನಾನು ಈ ಕಥೆ ಹೇಳುವುದುಂಟು.

ಇನ್ನೊಂದು ಕಥೆ ಅಷ್ಟು ತಮಾಷೆಯದಲ್ಲ. 1901ರಲ್ಲಿ ಆಸ್ಟ್ರೇಲಿಯ ವಲಸೆ ತಡೆಯುವ ಕಾನೂನು ಮಾಡಿತು. ಬಂದರಿನಲ್ಲಿ ಇಳಿದವನಿಗೆ ಅಧಿಕಾರಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದು, ಯಾವ ಯುರೋಪಿಯನ್ ಭಾಷೆಯಲ್ಲಿ ಬೇಕಾದರೂ. ಭಾಷೆ ಆರಿಸುವವನು ಅಧಿಕಾರಿ. ಬಿಳಿಯರಲ್ಲದವರನ್ನು ಹೊರಗಿಡುವುದಕ್ಕೇ ಹೂಡಿದ ಆಟ ಅದು. ಯಾರು ಬೇಡವೋ ಅವರಿಗೆ ಬರದ ಭಾಷೆಯನ್ನು ಹುಡುಕಿ ಕೊಟ್ಟರಾಯಿತು. 1934ರಲ್ಲಿ ಎಗೊನ್ ಕಿಶ್ ಎಂಬ ಪ್ರಾಗ್ ಪತ್ರಕರ್ತ ಬಂದ. ಫ್ಯಾಸಿಸಂ ವಿರುದ್ಧ ಭಾಷಣ ಮಾಡಲು ಬಂದವನು, ಸರ್ಕಾರಕ್ಕೆ ಬೇಡವಾದವನು. ಹಡಗಿನಿಂದ ಇಳಿಯಗೊಡದಿದ್ದಾಗ ಮೆಲ್ಬರ್ನ್ ಬಂದರಿನ ಕಟ್ಟೆಗೆ ಹಾರಿ ಕಾಲು ಮುರಿದುಕೊಂಡ. ಹಲವು ಯುರೋಪಿಯನ್ ಭಾಷೆ ಬಲ್ಲ ಆತನಿಗೆ ಸಿಡ್ನಿಯಲ್ಲಿ ಕೊಟ್ಟ ಉಕ್ತಲೇಖನ ಸ್ಕಾಟಿಷ್ ಗೇಲಿಕ್‌ನಲ್ಲಿ! ಆ ಕಾನೂನಿನ ಮಟ್ಟಿಗೆ ಅದು ಯುರೋಪಿಯನ್ ಭಾಷೆ ಅಲ್ಲ ಎಂದು ಅಲ್ಲಿನ ಹೈಕೋರ್ಟು ತೀರ್ಪು ಕೊಟ್ಟು ಆತನನ್ನು ಉಳಿಸಿತು. ಆ ಉಕ್ತಲೇಖನ ರದ್ದಾದದ್ದು 1958ರಲ್ಲಿ.

ಇದನ್ನು ಯಾಕೆ ಹೇಳಿದೆ ಎಂದರೆ, ಭಾಷಾ ಪರೀಕ್ಷೆ ಯಾವತ್ತೂ ಒಂದು ಗೇಟು. ಗೇಟಿನ ಅಳತೆ ಕಾಯುವವರ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತದೆ, ನಿಮ್ಮ ಬುದ್ಧಿಗೂ ಯೋಗ್ಯತೆಗೂ ತಕ್ಕಂತೆ ಅಲ್ಲ. 6.5 ಬಂದವಳು 7 ಬಂದವಳಿಗಿಂತ ಕಡಿಮೆ ನರ್ಸ್ ಆಗುವುದಿಲ್ಲ. ಹಾಗೆಂದು ಗೇಟನ್ನು ಬೈದುಕೊಂಡು ಹೊರಗೆ ನಿಂತರೆ ಪ್ರಯೋಜನವೂ ಇಲ್ಲ. ಈಗಿನ ಪರೀಕ್ಷೆಯಲ್ಲಿ, ಆ ಉಕ್ತಲೇಖನದಲ್ಲಿ ಇಲ್ಲದಿದ್ದ ಒಂದು ಸೌಕರ್ಯ ಇದೆ: ಏನನ್ನು ಅಳೆಯುತ್ತೇವೆ ಎಂದು ಮೊದಲೇ ಬರೆದು ಪ್ರಕಟಿಸಿದ್ದಾರೆ. ನಮ್ಮವರಲ್ಲಿ ಬಹುಪಾಲು ಜನ ಅದನ್ನು ಓದುವುದೇ ಇಲ್ಲ.

ಓದಿದರೆ ಏನಿದೆ? 1980ರಲ್ಲಿ ಬ್ರಿಟಿಷ್ ಕೌನ್ಸಿಲ್ ಮತ್ತು ಕೇಂಬ್ರಿಜ್‌ನವರು ಶುರುಮಾಡಿದ ಪರೀಕ್ಷೆ, 1989ರಲ್ಲಿ ಆಸ್ಟ್ರೇಲಿಯದವರೂ ಸೇರಿ ಐಇಎಲ್‌ಟಿಎಸ್ ಆಯಿತು. ಸ್ಪೀಕಿಂಗ್ ವಿಭಾಗದ ಇವತ್ತಿನ ರೂಪ ಬಂದದ್ದು 2001ರಲ್ಲಿ. ಹೊತ್ತು 11ರಿಂದ 14 ನಿಮಿಷ, ಎದುರಿಗೆ ಒಬ್ಬರೇ ಪರೀಕ್ಷಕರು, ಮಾತೆಲ್ಲ ರೆಕಾರ್ಡ್ ಆಗುತ್ತದೆ. ಮೊದಲ ನಾಲ್ಕೈದು ನಿಮಿಷ ನಿಮ್ಮ ಊರು, ಓದು, ಕೆಲಸ, ಹವ್ಯಾಸ. ಆಮೇಲೆ ಒಂದು ಕಾರ್ಡ್ ಕೊಡುತ್ತಾರೆ, ಜೊತೆಗೆ ಹಾಳೆ, ಪೆನ್ಸಿಲ್. ಒಂದು ನಿಮಿಷ ಯೋಚಿಸಿ ಗುರುತು ಹಾಕಿಕೊಂಡು ಒಂದರಿಂದ ಎರಡು ನಿಮಿಷ ನೀವೊಬ್ಬರೇ ಮಾತಾಡಬೇಕು. ಎರಡು ನಿಮಿಷಕ್ಕೆ ಪರೀಕ್ಷಕರೇ ತಡೆಯುತ್ತಾರೆ. ಹಾಗೆ ತಡೆದರೆ ಗಾಬರಿ ಬೇಡ, ನಿಮ್ಮ ಮಾತು ಸಾಕಷ್ಟಿತ್ತು ಎಂದೇ ಅರ್ಥ. ಕೊನೆಯ ನಾಲ್ಕೈದು ನಿಮಿಷ ಅದೇ ವಿಷಯದ ಸುತ್ತ ಸ್ವಲ್ಪ ಗಹನವಾದ ಚರ್ಚೆ. ಕಾರ್ಡಿನಲ್ಲಿ ನಿಮಗೆ ಗೊತ್ತಿರುವ ಹಿರಿಯರೊಬ್ಬರ ವಿಷಯ ಬಂದಿದ್ದರೆ, ಇಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವುದು ಮನೆಯವರ ಹೊಣೆಯೋ ಸರ್ಕಾರದ ಹೊಣೆಯೋ ಎಂಬಂಥ ಪ್ರಶ್ನೆ ಬರಬಹುದು.

ಅಳೆಯುವುದು ನಾಲ್ಕನ್ನು: ತಡೆಯಿಲ್ಲದೆ, ಒಂದಕ್ಕೊಂದು ಹೊಂದಿಕೊಂಡು ಮಾತು ಸಾಗುತ್ತದೆಯೇ, ಪದಗಳ ಬಳಕೆ ಹೇಗಿದೆ, ವ್ಯಾಕರಣ ಹೇಗಿದೆ, ಉಚ್ಚಾರಣೆ ಹೇಗಿದೆ. ನಾಲ್ಕಕ್ಕೂ ಸಮನಾದ ತೂಕ. ನಿಮ್ಮ ಅಭಿಪ್ರಾಯ ಸರಿಯೇ ತಪ್ಪೇ ಎಂಬುದಕ್ಕೆ ಅಂಕವಿಲ್ಲ. ಸಾಮಾನ್ಯ ಜ್ಞಾನಕ್ಕೆ ಇಲ್ಲ. ಬ್ರಿಟಿಷರ ಹಾಗೆ ಮಾತಾಡುವುದಕ್ಕೂ ಇಲ್ಲ. 6ಕ್ಕೂ 7ಕ್ಕೂ ಇರುವ ದೊಡ್ಡ ವ್ಯತ್ಯಾಸ ಮೊದಲನೆಯ ಅಳತೆಯಲ್ಲಿ ಕಾಣುತ್ತದೆ. 6ರವರು ಉದ್ದಕ್ಕೆ ಮಾತಾಡಲು ಮನಸ್ಸು ಮಾಡುತ್ತಾರೆ, ಆದರೆ ನಡುನಡುವೆ ಎಳೆ ತಪ್ಪುತ್ತದೆ. 7ರವರು ಹೆಣಗಾಡಿದಂತೆ ಕಾಣದೆ ಉದ್ದಕ್ಕೆ ಮಾತಾಡುತ್ತಾರೆ. ಉದ್ದಕ್ಕೆ ಮಾತಾಡುವುದು ಎರಡು ಕಡೆಯೂ ಇದೆ, ಗಮನಿಸಿ. ಚುಟುಕು ಉತ್ತರ ಕೊಟ್ಟು ಕೂತರೆ ನೀವು ಆ ಸ್ಪರ್ಧೆಯಲ್ಲೇ ಇಲ್ಲ.

ನಮ್ಮ ಮಕ್ಕಳು ಎಡವುವುದು ಇಲ್ಲಿ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದಲ್ಲ. ಕೇಳಿದ್ದಕ್ಕಿಂತ ಹೆಚ್ಚು ಹೇಳಬಾರದು ಎಂದು ನಾವು ಅವರನ್ನು ಹದಿನೈದು ವರ್ಷ ತಿದ್ದಿದ್ದೇವೆ. ಒಂದನೇ ತರಗತಿಯಿಂದ 'ಒಂದು ವಾಕ್ಯದಲ್ಲಿ ಉತ್ತರಿಸಿ'. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಿದರೆ ಅಧಿಕಪ್ರಸಂಗಿ. ತರಗತಿಯಲ್ಲಿ ಮೇಷ್ಟರ ಪ್ರಶ್ನೆಗೆ 'ಎಸ್ ಸರ್', 'ನೋ ಸರ್' ಅಂದರೆ ಒಳ್ಳೆಯ ಹುಡುಗ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪತ್ರಿಕೆಗೆ ಮೂರು ಗಂಟೆ ಬರೆಯುವಾಗ ತುಟಿ ಅಲುಗಿಸುವ ಪ್ರಮೇಯವಿಲ್ಲ. ಹೀಗೆ ಬೆಳೆದ ಹುಡುಗನನ್ನು ಒಂದು ದಿನ ಅಪರಿಚಿತರೊಬ್ಬರ ಎದುರು ಕೂರಿಸಿ, ಎರಡು ನಿಮಿಷ ನಿನ್ನ ಬಗ್ಗೆ ನೀನೇ ಹೇಳು ಎಂದರೆ ಅವನು ಏನು ಮಾಡಿಯಾನು? ಪರೀಕ್ಷಕರು ಬಯಸುವುದು ಪಕ್ಕಾ ಅಧಿಕಪ್ರಸಂಗಿಯನ್ನು.

ಅರಸೀಕೆರೆ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ನರ್ಸಿಂಗ್ ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಭ್ಯಾಸಕ್ಕೆಂದು ಕಾರ್ಡ್ ಕೊಟ್ಟೆ: ನಿಮಗೆ ಗೊತ್ತಿರುವ ವಯಸ್ಸಾದ ಒಬ್ಬರ ಬಗ್ಗೆ ಹೇಳಿ, ಅವರು ಯಾರು, ಏನು ಮಾಡುತ್ತಾರೆ, ಯಾಕೆ ಇಷ್ಟ. ಒಂದು ನಿಮಿಷ ಯೋಚಿಸಿ ಹೇಳಿದಳು: 'ಮೈ ಗ್ರ್ಯಾಂಡ್‌ಮದರ್. ಶಿ ಈಸ್ ಎಯ್ಟಿ ಇಯರ್ಸ್ ಓಲ್ಡ್. ಶಿ ಈಸ್ ವೆರಿ ಕೈಂಡ್. ಐ ಲವ್ ಹರ್ ವೆರಿ ಮಚ್.' ಅಲ್ಲಿಗೆ ನಿಂತಿತು. ಹಾಳೆಯ ಮೇಲೆ ಬರೆದುಕೊಂಡಿದ್ದೂ ಅದೇ ನಾಲ್ಕು ವಾಕ್ಯ, ಪೂರ್ತಿ ಪೂರ್ತಿಯಾಗಿ.

ಇಂಗ್ಲಿಷ್ ಪಕ್ಕಕ್ಕಿಡು, ನಿಮ್ಮಜ್ಜಿ ಹೇಗೆ, ಕನ್ನಡದಲ್ಲಿ ಹೇಳು ಅಂದೆ. 'ಅಯ್ಯೋ ಸರ್, ಅವರು ಕೈಂಡೂ ಇಲ್ಲ ಏನೂ ಇಲ್ಲ, ಬೈದ್ಬಿಡ್ತಾರೆ' ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ರಾತ್ರಿ ತೋಟದಲ್ಲಿ ಕಾಯಿ ಬಿದ್ದ ಸದ್ದು ಕೇಳಿದರೆ ಅಜ್ಜಿ ಹಾಸಿಗೆಯಲ್ಲೇ ಎಣಿಸುತ್ತಾರಂತೆ, ಬೆಳಿಗ್ಗೆ ಲೆಕ್ಕ ತಪ್ಪಿದರೆ ಆಳುಗಳಿಗೆ ಗ್ರಹಚಾರ. ಸಕ್ಕರೆ ಕಾಯಿಲೆಯ ತಾತನಿಗೆ ಸಿಗದ ಹಾಗೆ ಬೆಲ್ಲದ ಡಬ್ಬಿಯನ್ನು ಅಕ್ಕಿ ಮೂಟೆಯ ಹಿಂದೆ ಇಟ್ಟು, ಅದನ್ನು ಇಟ್ಟ ಜಾಗ ತಾವೇ ಮರೆತು ಮನೆ ತುಂಬ ಹುಡುಕುತ್ತಾರಂತೆ. ತಿಪಟೂರಿನಲ್ಲಿ ಕೊಬ್ಬರಿ ಹರಾಜಿನ ದರ ಎಷ್ಟಾಯಿತು ಎಂದು ಮೊಮ್ಮಗಳಿಗೆ ಫೋನ್ ಮಾಡಿ ಕೇಳುತ್ತಾರೆ, ಊಟ ಆಯಿತಾ ಎಂದು ಕೇಳುವುದು ಆಮೇಲೆ.

ಇದನ್ನೇ ಹೇಳು, ನಿನಗೆ ಗೊತ್ತಿರುವ ಇಂಗ್ಲಿಷಿನಲ್ಲೇ ಹೇಳು ಎಂದೆ. ಕೊಬ್ಬರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ, 'ಡ್ರೈ ಕೋಕನಟ್, ವಿ ಸೆಲ್ ಇಟ್ ಇನ್ ದಿ ಮಾರ್ಕೆಟ್' ಎಂದಳು. ತಪ್ಪುಗಳಿದ್ದವು. ಆದರೆ ಮಾತು ಒಂದೂವರೆ ನಿಮಿಷ ದಾಟಿತು, ನಡುವೆ ಒಂದು ಕಡೆ ತಾನೇ ನಕ್ಕಳು. ತಿಳಿಯದ ಪದ ಬಂದಾಗ ಬೇರೆ ಮಾತಿನಲ್ಲಿ ಸುತ್ತಿ ಹೇಳಿದಳಲ್ಲ, ಪದಬಳಕೆಯ ಅಳತೆಯಲ್ಲಿ ಅದಕ್ಕೆ ಅಂಕವಿದೆ, ಅದನ್ನು ಹೆಸರಿಸಿಯೇ ಬರೆದಿದ್ದಾರೆ. ಆಮೇಲೆ ಅವಳ ಹಾಳೆಯ ಮೇಲಿನ ಗುರುತು ಹೀಗಾಯಿತು: ಕಾಯಿ – ರಾತ್ರಿ, ಬೆಲ್ಲ – ತಾತ, ತಿಪಟೂರು – ಫೋನ್. ಕನ್ನಡದಲ್ಲೇ ಗುರುತು ಹಾಕಿಕೊಂಡಳು. ಆ ಹಾಳೆಗೆ ಅಂಕವಿಲ್ಲ, ನಿಮಗೆ ಬೇಕಾದಂತೆ ಗೀಚಿಕೊಳ್ಳಿ.

ಈಗ ಬಾಯಿಪಾಠದ ವಿಷಯ. ನಗರದ ಬಸ್ ನಿಲ್ದಾಣಗಳ ಸುತ್ತ ಬೋರ್ಡು ಹಾಕಿಕೊಂಡಿರುವ ಕೆಲವು ಕೋಚಿಂಗ್ ಸೆಂಟರುಗಳಲ್ಲಿ ಐವತ್ತು ಕಾರ್ಡುಗಳಿಗೆ ಐವತ್ತು ಉತ್ತರ ಬರೆದ ಪುಸ್ತಕ ಕೊಡುತ್ತಾರೆ. ನಾನು ಒಂದನ್ನು ತರಿಸಿ ನೋಡಿದ್ದೇನೆ. ಅದರಲ್ಲಿ ಎಲ್ಲರ ಅಜ್ಜಿಯೂ ಒಬ್ಬಳೇ. ಪ್ರತಿ ಉತ್ತರವೂ 'ವೆಲ್, ದಟ್ಸ್ ಎ ವೆರಿ ಇಂಟರೆಸ್ಟಿಂಗ್ ಕ್ವೆಶ್ಚನ್' ಎಂದೇ ಶುರು. ನಿಮ್ಮ ಊರು ಯಾವುದು ಎನ್ನುವುದರಲ್ಲಿ ಅಷ್ಟೇನು ಇಂಟರೆಸ್ಟಿಂಗ್ ಇದೆಯೋ ದೇವರಿಗೇ ಗೊತ್ತು. ಪರೀಕ್ಷಕರು ವಾರದಲ್ಲಿ ಎಷ್ಟೋ ಜನರನ್ನು ಕೇಳುವವರು. ಉರು ಹೊಡೆದ ಉತ್ತರ ಕಿವಿಗೆ ಬಿದ್ದ ಕೂಡಲೇ ಅವರಿಗೆ ಗೊತ್ತಾಗುತ್ತದೆ: ಓಟ ಒಂದೇ ಸಮ, ಕಣ್ಣು ಗೋಡೆಯ ಮೇಲೆ, ಉಸಿರು ತೆಗೆದುಕೊಳ್ಳುವುದು ತಪ್ಪು ಜಾಗದಲ್ಲಿ. ಮುಂದಿನ ಪ್ರಶ್ನೆ ಸ್ವಲ್ಪ ಹೊರಳಿದರೆ ಸಾಕು, ಅದೇ ಬಾಯಿಂದ ಬೇರೆ ಇಂಗ್ಲಿಷ್ ಹೊರಡುತ್ತದೆ. ಉರು ಹೊಡೆದದ್ದು ನಿಮ್ಮ ಭಾಷೆ ಎಂದು ಅವರು ಎಣಿಸುವುದಿಲ್ಲ.

ಇನ್ನೂ ಕೆಟ್ಟ ಅಡ್ಡದಾರಿಯೂ ಇದೆ. 2014ರ ಫೆಬ್ರವರಿಯಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ, ಬ್ರಿಟನ್ನಿನಲ್ಲಿ ವೀಸಾಕ್ಕಾಗಿ ನಡೆಯುತ್ತಿದ್ದ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಅಭ್ಯರ್ಥಿಯ ಬದಲು ಬೇರೆಯವರು ಕೂತು ಮಾತಾಡುವುದನ್ನು ಗುಟ್ಟಾಗಿ ಚಿತ್ರೀಕರಿಸಿ ತೋರಿಸಿತು. ಧ್ವನಿಮುದ್ರಿಕೆಗಳನ್ನು ಹೋಲಿಸಿ ನೋಡಿ ಮೂವತ್ತು ಸಾವಿರಕ್ಕೂ ಹೆಚ್ಚು ಫಲಿತಾಂಶ ಅಸಿಂಧು ಎಂದರು. ಭಾರತದ ವಿದ್ಯಾರ್ಥಿಗಳೂ ಸಿಕ್ಕಿಬಿದ್ದರು. ಅವರಲ್ಲಿ ತಪ್ಪೇ ಮಾಡದವರೂ ಇದ್ದರು, ವರ್ಷಗಟ್ಟಲೆ ಕೋರ್ಟು ಅಲೆದು ಗೆದ್ದವರೂ ಇದ್ದಾರೆ. ನಿಮ್ಮ ದನಿ ಈಗ ಬೆರಳಚ್ಚಿನಂತೆ, ಅದನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ.

ಉಚ್ಚಾರಣೆಯ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಹೆಚ್ಚು ಹಣ ಹಾಳಾಗುವುದು ಇಲ್ಲಿ. 'ಬ್ರಿಟಿಷ್ ಆ್ಯಕ್ಸೆಂಟ್ 30 ದಿನದಲ್ಲಿ' ಎಂಬ ಜಾಹೀರಾತು ನೋಡಿ ಹೋದ ಹುಡುಗ ತಿಂಗಳ ಮೇಲೆ ಬಂದಾಗ 'ವಾಟರ್' ಎನ್ನುವುದನ್ನು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವನ ಹಾಗೆ ಹೇಳುತ್ತಿದ್ದ. ಅದರಿಂದ ಅವನಿಗೆ ಅಂಕವೇನೂ ಬರಲಿಲ್ಲ, ಬರುವಂತೆಯೂ ಇಲ್ಲ. ಅಳತೆ ಇರುವುದು ಕೇಳುವವರಿಗೆ ಎಷ್ಟು ಸಲೀಸಾಗಿ ಅರ್ಥವಾಗುತ್ತದೆ ಎಂಬುದಕ್ಕೆ. ತಾಯ್ನುಡಿಯ ಛಾಯೆ ಇದ್ದರೂ ಅರ್ಥಕ್ಕೆ ತೊಡಕಾಗದಿದ್ದರೆ 8 ಬರುತ್ತದೆ.

ನಮ್ಮ ಟ, ಡ ನಾಲಿಗೆ ಮಡಚಿ ಹೇಳುವಂಥವು, ಇಂಗ್ಲಿಷರದು ಹಾಗಲ್ಲ. ಬಿಟ್ಟುಬಿಡಿ, ಯಾರಿಗೂ ತೊಂದರೆಯಿಲ್ಲ. 'ಥಿಂಕ್', 'ದಿಸ್' ಎನ್ನುವಾಗ ನಾಲಿಗೆಯ ತುದಿ ಹಲ್ಲಿನ ನಡುವೆ ಬರಬೇಕು ಎಂದು ಕನ್ನಡಿ ಮುಂದೆ ನಿಲ್ಲುವುದೂ ಬೇಡ. ತಿದ್ದಿಕೊಳ್ಳಬೇಕಾದವು ಬೇರೆ. ಒಂದು, ಪದದೊಳಗಿನ ಒತ್ತು. ಕನ್ನಡದಲ್ಲಿ ಪದದ ಯಾವ ಅಕ್ಷರವನ್ನು ಒತ್ತಿದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಕೇಳುವವರ ಕಿವಿ ಒತ್ತಿನ ಮೇಲೇ ಇರುತ್ತದೆ. ನಾವು 'ಹೋಟೆಲ್' ಎನ್ನುವಾಗ ಹೋ ಎಂಬುದನ್ನು ಎಳೆಯುತ್ತೇವೆ, ಅವರು ಟೆಲ್ ಮೇಲೆ ಊರುತ್ತಾರೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲಿಗೆ, ಫೊಟಾಗ್ರಫರ್ ಎನ್ನುವಾಗ ಎರಡನೆಯದಕ್ಕೆ ಜಾರುತ್ತದೆ. ಪರೀಕ್ಷಕರು ನಿಮ್ಮ ಮಾತನ್ನು ಒಂದು ಕ್ಷಣ ತಡೆದು ಅರ್ಥ ಮಾಡಿಕೊಳ್ಳಬೇಕಾಗಿ ಬಂದರೆ ಹತ್ತರಲ್ಲಿ ಏಳು ಸಲ ಕಾರಣ ಇದು ಎಂದು ನನ್ನ ಅಂದಾಜು. ಇನ್ನೊಂದು, ವ. ತುಟಿ ದುಂಡಾಗಿಸುವ ವ ಬೇರೆ, ಮೇಲಿನ ಹಲ್ಲು ಕೆಳತುಟಿಗೆ ತಾಗುವ ವ ಬೇರೆ. ನಮ್ಮ ಲಿಪಿಯಲ್ಲಿ ಎರಡಕ್ಕೂ ಅಕ್ಷರ ಒಂದೇ. ಪಶ್ಚಿಮ ದಿಕ್ಕೂ ಬನಿಯನ್ನೂ ನಮ್ಮ ಬಾಯಲ್ಲಿ 'ವೆಸ್ಟ್' ಆಗಿಬಿಡುತ್ತವೆ. 'ಎಗ್' ಯೆಗ್ ಆಗುವುದು, 'ಓನ್ಲಿ' ವೋನ್ಲಿ ಆಗುವುದು, ಪದದ ಕೊನೆಗೆ ಉ ಅಂಟಿಕೊಂಡು 'ಬಸ್ಸು', 'ರೋಡು' ಎನ್ನುವುದು ಕೂಡ ಚೂರು ಗಮನ ಕೊಟ್ಟರೆ ಹೋಗುವಂಥವು. ಮೈಸೂರು ಸೀಮೆಯ ಕೆಲವರಿಗೆ ಇರಬೇಕಾದ ಕಡೆ ಹ ಇರುವುದಿಲ್ಲ, ಇರಬಾರದ ಕಡೆ ಬಂದು ಕೂರುತ್ತದೆ. ಅವರು 'ಹೌಸ್', 'ಅವರ್' ಎರಡನ್ನೂ ಬೇರೆಬೇರೆಯಾಗಿ ಹೇಳಿ ಅಭ್ಯಾಸ ಮಾಡಬೇಕು. ಉಳಿದಂತೆ ನಿಧಾನ. ಹೆದರಿಕೆಗೆ ನಾವು ವೇಗ ಹೆಚ್ಚಿಸುತ್ತೇವೆ, ವೇಗವೇ ಫ್ಲೂಯೆನ್ಸಿ ಎಂಬ ಭ್ರಮೆ ಬೇರೆ.

ವ್ಯಾಕರಣದಲ್ಲಿ ಪುಸ್ತಕದ ನಿಯಮಗಳಿಗಿಂತ ನಮ್ಮ ಕನ್ನಡ ಎಲ್ಲಿ ಅಡ್ಡ ಬರುತ್ತದೆ ಎಂದು ನೋಡಿಕೊಂಡರೆ ಬೇಗ ಕೆಲಸವಾಗುತ್ತದೆ. 'ದಿನಾ ಆರಕ್ಕೆ ಏಳ್ತೀನಿ', 'ನಾಳೆ ಆರಕ್ಕೆ ಏಳ್ತೀನಿ': ಎರಡಕ್ಕೂ ನಮಗೆ ಒಂದೇ ಕ್ರಿಯಾರೂಪ. ಹಾಗಾಗಿ 'ಡೈಲಿ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್' ಎಂದುಬಿಡುತ್ತೇವೆ. ದಿನಚರಿಯ ಪ್ರಶ್ನೆ ಮೊದಲ ಭಾಗದಲ್ಲೇ ಬರುವುದರಿಂದ ಈ ತಪ್ಪು ಬಾಗಿಲಲ್ಲೇ ಕಾದಿರುತ್ತದೆ. 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಇನ್ನೊಂದು. 'ಮೈಸೆಲ್ಫ್ ಇಂಥವರು' ಎಂದು ಪರಿಚಯ ಮಾಡಿಕೊಳ್ಳುವುದು ಮತ್ತೊಂದು. ಹಳೆಯ ಘಟನೆ ಹೇಳುವಾಗ ಭೂತಕಾಲದಲ್ಲಿ ಶುರುಮಾಡಿ ಮೂರನೇ ವಾಕ್ಯಕ್ಕೆ ವರ್ತಮಾನಕ್ಕೆ ಜಾರುವುದು ಎಲ್ಲಕ್ಕಿಂತ ದೊಡ್ಡದು. ಕಾರ್ಡಿನ ಮಾತಿನಲ್ಲಿ ಇದೊಂದನ್ನು ಹಿಡಿತಕ್ಕೆ ತಂದುಕೊಂಡವರು ಸಾಕಷ್ಟು ಮುಂದೆ ಹೋದಂತೆ. ಪರೀಕ್ಷಕರು ಒಂದೊಂದು ತಪ್ಪಿಗೂ ಅಂಕ ಕಳೆಯುತ್ತ ಕೂರುವುದಿಲ್ಲ. ತಪ್ಪೇ ಆಗಬಾರದೆಂದು ಮೂರು ಪದದ ವಾಕ್ಯಗಳಲ್ಲೇ ಉಳಿದರೆ ಅದಕ್ಕೂ ಅಂಕ ಹೋಗುತ್ತದೆ.

ನರ್ಸುಗಳಿಗೆ ಇನ್ನೊಂದು ದಾರಿ ಇದೆ, ಒಇಟಿ. ಆರೋಗ್ಯ ಕ್ಷೇತ್ರದವರಿಗೆಂದೇ ಮಾಡಿದ ಪರೀಕ್ಷೆ, 1980ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ರೂಪುಗೊಂಡದ್ದು. ಮೆಲ್ಬರ್ನ್‌ನ ಭಾಷಾತಜ್ಞ ಟಿಮ್ ಮ್ಯಾಕ್‌ನಮಾರಾ ಅವರ ಹೆಸರು ಇದರ ಜೊತೆ ಸೇರಿದೆ. ಇಲ್ಲಿ ಕಾರ್ಡಿನ ಮೇಲೆ ನಿಮ್ಮ ಪಾತ್ರ ಇರುತ್ತದೆ: ನೀವು ನರ್ಸ್, ಎದುರಿಗಿರುವವರು ರೋಗಿ ಅಥವಾ ರೋಗಿಯ ಕಡೆಯವರು. ಮೂರು ನಿಮಿಷ ತಯಾರಿ, ಸುಮಾರು ಐದು ನಿಮಿಷ ಮಾತುಕತೆ, ಹೀಗೆ ಎರಡು. ರೋಗಿಯ ಪಾತ್ರ ಮಾಡಿದವರು ಅಂಕ ಕೊಡುವುದಿಲ್ಲ, ಧ್ವನಿಮುದ್ರಿಕೆ ಕೇಳಿ ಬೇರೆಯವರು ಕೊಡುತ್ತಾರೆ. 2018ರಿಂದ ಭಾಷೆಯ ಜೊತೆಗೆ ರೋಗಿಯೊಡನೆ ನಡೆದುಕೊಳ್ಳುವ ರೀತಿಗೂ ಅಂಕವಿದೆ: ಅವರ ಆತಂಕ ಕೇಳಿಸಿಕೊಂಡಿರಾ, ಅವರು ಏನು ತಿಳಿದಿದ್ದಾರೆ ಎಂದು ವಿಚಾರಿಸಿದಿರಾ, ಹೇಳಿದ್ದು ಅರ್ಥವಾಯಿತೇ ಎಂದು ಕೇಳಿದಿರಾ.

ಮಂಗಳೂರಿನ ಒಂದು ವಾರ್ಡಿನಲ್ಲಿ ನಾನು ಕಣ್ಣಾರೆ ನೋಡಿದ್ದು ಇದೇ. ಕಾಲಿನ ಗಾಯಕ್ಕೆ ಡ್ರೆಸಿಂಗ್ ಬೇಡವೆಂದು ಮುಷ್ಕರ ಹೂಡಿದ್ದ ಅಜ್ಜನ ಹತ್ತಿರ ಸಿಸ್ಟರ್ ಬಂದರು. 'ಎಂತ ಅಜ್ಜ, ನಿನ್ನೆ ತುಂಬ ಉರಿ ಆಯ್ತಾ?' ಎಂದು ಕೇಳಿ ಮಂಚದ ಪಕ್ಕ ಕೂತರು. ಅಜ್ಜ ಬೈದು ಮುಗಿಸುವವರೆಗೂ ಕಾದರು. 'ಇವತ್ತು ಮೊದಲು ನೀರು ಹಾಕಿ ನೆನೆಸಿ ಮತ್ತೆ ತೆಗಿತೇನೆ, ಉರಿ ಕಡಿಮೆ ಉಂಟು. ಬಿಟ್ಟರೆ ಶುಗರಿಗೆ ಗಾಯ ಒಣಗುದಿಲ್ಲ, ಗೊತ್ತಾಯ್ತಾ ಅಜ್ಜ?' ಎಂದರು. ಒಇಟಿಯ ಅಂಕಪಟ್ಟಿಯಲ್ಲಿ ಇರುವುದೆಲ್ಲ ಆ ಮೂರು ನಿಮಿಷದಲ್ಲಿ ಇತ್ತು. ಆದರೆ ಅಂಥ ಸಿಸ್ಟರೇ ರೋಲ್ ಪ್ಲೇಗೆ ಕೂತ ಕೂಡಲೇ 'ಯು ಆರ್ ಹ್ಯಾವಿಂಗ್ ಡಯಾಬಿಟಿಕ್ ಫೂಟ್ ಅಲ್ಸರ್ ವಿತ್ ರಿಸ್ಕ್ ಆಫ್ ಸೆಪ್ಸಿಸ್' ಎಂದು ಕೇಸ್ ಶೀಟು ಓದಲು ಶುರುಮಾಡುತ್ತಾರೆ. ದೊಡ್ಡ ಪದ ಬಂದರೆ ದೊಡ್ಡ ಅಂಕ ಎಂಬ ನಂಬಿಕೆ. ರೋಗಿಗೆ ತಿಳಿಯದ ಪದ ಬಳಸಿದರೆ ಅಲ್ಲಿ ಅಂಕ ಇಳಿಯುತ್ತದೆ. ಅಜ್ಜನಿಗೆ ಹೇಳಿದ ಹಾಗೇ ಹೇಳಿ, ಭಾಷೆ ಮಾತ್ರ ಬೇರೆ. ನನ್ನನ್ನು ಕೇಳಿದರೆ, ವಾರ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದವರಿಗೆ ಒಇಟಿ ವಾಸಿ. ಕಾಲೇಜಿನಿಂದ ಆಗಷ್ಟೇ ಹೊರಬಂದವರಿಗೆ ಐಇಎಲ್‌ಟಿಎಸ್ ಆದರೂ ಆದೀತು.

ಪಿಟಿಇ, ಟೋಫೆಲ್ ಎಂಬ ಇನ್ನೆರಡು ಇಂಗ್ಲಿಷ್ ಪರೀಕ್ಷೆಗಳ ಬಗ್ಗೆ ಒಂದೆರಡೇ ಮಾತು. ಅಲ್ಲಿ ಎದುರಿಗೆ ಮನುಷ್ಯರಿಲ್ಲ, ಹೆಡ್‌ಫೋನ್ ಹಾಕಿಕೊಂಡು ಮೈಕಿಗೆ ಹೇಳಬೇಕು. ಪಕ್ಕದ ಕ್ಯಾಬಿನ್ನುಗಳಿಂದ ಬೇರೆಯವರ ಗದ್ದಲವೂ ಕೇಳುತ್ತಿರುತ್ತದೆ. ಪಿಟಿಇಯಲ್ಲಿ ಮೂರು ಸೆಕೆಂಡು ಸುಮ್ಮನಾದರೆ ಮೈಕು ಮುಚ್ಚಿಕೊಳ್ಳುತ್ತದೆ. ಮನುಷ್ಯರ ಮುಖ ನೋಡಿದರೆ ಬಾಯಿ ಒಣಗುವವರಿಗೆ ಇವು ಅನುಕೂಲ. ನಮೂನೆಗಳು ಆಗಾಗ ಬದಲಾಗುತ್ತವೆ, ಶುಲ್ಕ ಕಟ್ಟುವ ಮೊದಲು ಆ ವರ್ಷದ್ದು ನೋಡಿಕೊಳ್ಳಿ.

ಹಾಗಾದರೆ ಅಭ್ಯಾಸ ಹೇಗೆ? ಇದಕ್ಕೆ ಉತ್ತರ ಲಂಡನ್ನಿನಿಂದ ತರಬೇಕಾಗಿಲ್ಲ, ಬೆಂಗಳೂರಿನಲ್ಲೇ ಹುಟ್ಟಿದ್ದಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಜೊತೆ ಸೇರಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಭಾಷಾಬೋಧನೆಯ ಪುಸ್ತಕಗಳಲ್ಲಿ ಇವತ್ತಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ವ್ಯಾಕರಣ ಪಾಠ ಇಲ್ಲ. ರೈಲ್ವೆ ವೇಳಾಪಟ್ಟಿ ಕೊಟ್ಟು ಯಾವ ಗಾಡಿ ಹಿಡಿದರೆ ಬೇಗ ತಲುಪಬಹುದು ಎಂದು ಲೆಕ್ಕ ಹಾಕಿಸುವುದು, ನಕ್ಷೆ ಕೊಟ್ಟು ದಾರಿ ಹುಡುಕಿಸುವುದು, ಇವೇ ಪಾಠ. ಮಕ್ಕಳ ಮನಸ್ಸು ಬಿಡಿಸಬೇಕಾದ ಲೆಕ್ಕದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಿಲುವು. 1987ರಲ್ಲಿ ಅದನ್ನು ಪುಸ್ತಕವಾಗಿ ಬರೆದರು, ಜಗತ್ತಿನ ಇಂಗ್ಲಿಷ್ ಮೇಷ್ಟರುಗಳೆಲ್ಲ ಅದರ ಪರ ವಿರೋಧ ವಾದಿಸಿದರು. ಅದು ಹುಟ್ಟಿದ ಊರಿನಲ್ಲಿ ನಾವು ಇನ್ನೂ ಪಟ್ಟಿಯಿಂದ ಈಡಿಯಮ್ಮು ಉರು ಹೊಡೆಸುತ್ತಿದ್ದೇವೆ.

ಪ್ರಭು ಮಕ್ಕಳನ್ನು ಬಲವಂತವಾಗಿ ಮಾತಾಡಿಸಲಿಲ್ಲ, ಅದು ಬೇರೆ. ನಿಮ್ಮ ಪರೀಕ್ಷೆಗೆ ಮಾತಾಡದೆ ವಿಧಿಯಿಲ್ಲ. ಆದರೆ ಅವರ ನಿಲುವಿನಿಂದ ನಾನು ಎತ್ತಿಕೊಂಡದ್ದು ಇಷ್ಟು: ಇಬ್ಬರು ಸೇರಿ, ನಿಜವಾಗಿಯೂ ತೀರ್ಮಾನಿಸಬೇಕಾದ ವಿಷಯವನ್ನು ಇಂಗ್ಲಿಷಿನಲ್ಲಿ ತೀರ್ಮಾನಿಸಿ. ಹಾಸ್ಟೆಲ್ ಬಿಟ್ಟು ರೂಮು ಮಾಡುವುದೋ ಬೇಡವೋ, ಬಾಡಿಗೆ ಎಷ್ಟು, ಅಡಿಗೆ ಯಾರು. ಊರಿಗೆ ರಾತ್ರಿ ಬಸ್ಸೋ ಬೆಳಗಿನ ರೈಲೋ. ಒಬ್ಬರು ಒಪ್ಪಬೇಡಿ, ಹಟ ಮಾಡಿ. ಹತ್ತು ನಿಮಿಷದ ಜಗಳದಲ್ಲಿ 'ಬಿಕಾಸ್', 'ಬಟ್ ಇಫ್', 'ಈವನ್ ದೋ' ಎಲ್ಲ ಕರೆಯದೆ ಬರುತ್ತವೆ. ಐಇಎಲ್‌ಟಿಎಸ್‌ನ ಮೂರನೇ ಭಾಗದ ಚರ್ಚೆಗೆ ಇದಕ್ಕಿಂತ ಒಳ್ಳೆಯ ತಾಲೀಮು ನಾನು ಕಂಡಿಲ್ಲ. ಎರಡನೇ ಭಾಗದ ಕಾರ್ಡಿಗೆ ಫೋನಿನಲ್ಲಿ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಬೇಡಿ, ಸಿಟ್ಟು ಬರುತ್ತದೆ. ಕೇಳುವಾಗ ಒಂದೇ ವಿಷಯ ಹಿಡಿಯಿರಿ: ಇವತ್ತು ಭೂತಕಾಲ, ನಾಳೆ ಒತ್ತು. ಅದೇ ಕಾರ್ಡಿಗೆ ಮತ್ತೊಮ್ಮೆ ಮಾತಾಡಿ, ಬೇರೆ ವಾಕ್ಯಗಳು ಬರುತ್ತವೆ. ಬರಬೇಕು. ಅವೇ ವಾಕ್ಯಗಳು ಬಂದರೆ ನೀವು ಉರು ಹೊಡೆಯಲು ಶುರುಮಾಡಿದ್ದೀರಿ.

ಪರೀಕ್ಷೆಯ ಕೋಣೆಯಲ್ಲಿ ಪರೀಕ್ಷಕರು ನಗಲಿಲ್ಲ, 'ಗುಡ್' ಎನ್ನಲಿಲ್ಲ ಎಂದು ಎದೆಗೆಡುವವರಿದ್ದಾರೆ. ಹಾಗೆ ಹೇಳುವುದಕ್ಕೆ ಅವರಿಗೆ ಅವಕಾಶವಿಲ್ಲ, ಮೊದಲೇ ಬರೆದ ಚೌಕಟ್ಟಿನಲ್ಲಿ ಅವರು ಮಾತಾಡಬೇಕು. ಪ್ರಶ್ನೆ ಕೇಳಿಸದಿದ್ದರೆ ಮತ್ತೆ ಕೇಳಿ ಎನ್ನಿ, ಅದಕ್ಕೆ ಅಂಕ ಹೋಗುವುದಿಲ್ಲ. ವಿಷಯ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಿ ಅಲ್ಲೇ ನಿಲ್ಲಬೇಡಿ, ಯಾಕೆ ಗೊತ್ತಿಲ್ಲ ಎಂದು ಹೇಳಿ. ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೀರಾ ಎಂದರೆ, ಇಲ್ಲ, ನಮ್ಮ ಶಾಲೆಯ ಪ್ರವಾಸ ಎಂದರೆ ದೇವಸ್ಥಾನ, ಅಣೆಕಟ್ಟು, ಊಟ ಇಷ್ಟೇ ಇತ್ತು ಎನ್ನಬಹುದಲ್ಲ. ಒಳ್ಳೆಯ ಉತ್ತರ ಅದು.

ಪೋಷಕರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಎಷ್ಟು ತಿಂಗಳು ಬೇಕು? 6.5ರಲ್ಲಿ ಇರುವವರಿಗೆ, ಮೇಲೆ ಹೇಳಿದ ಹಾಗೆ ದಿನಕ್ಕೆ ಅರ್ಧ ಗಂಟೆ ಬಾಯಿ ತೆರೆದರೆ ಎರಡು ಮೂರು ತಿಂಗಳು ಸಾಕು ಎನ್ನುತ್ತೇನೆ. 5ರಲ್ಲಿ ಇರುವವರಿಗೆ ವರ್ಷ ಹಿಡಿದೀತು. ಅವರಿಂದ ಆ ವರ್ಷದಲ್ಲಿ ಮೂರು ಸಲ ಶುಲ್ಕ ಕಟ್ಟಿಸಬೇಡಿ. ದಿನಾಂಕ ಈಗಾಗಲೇ ನಿಗದಿಯಾಗಿರುವವರು ಸಭೆ ಮುಗಿದ ಮೇಲೆ ಇಲ್ಲೇ ನಿಲ್ಲಿ. ಐಇಎಲ್‌ಟಿಎಸ್, ಒಇಟಿ ಎರಡೂ ಪರೀಕ್ಷೆಗಳ ಮಾದರಿ ಕಾರ್ಡುಗಳನ್ನು ತಂದಿದ್ದೇನೆ, ಕಾಫಿ ಕುಡಿಯುತ್ತಲೇ ಒಂದು ಸುತ್ತು ನೋಡಿಬಿಡೋಣ. ಅಷ್ಟರಲ್ಲಿ ಮುಂದಿನ ಸಾಲಿಗೆ ಬನ್ನಿ, ಪ್ರಶ್ನೆಗಳಿದ್ದರೆ ಅಧ್ಯಕ್ಷರು ಅನುಮತಿ ಕೊಡುತ್ತಾರೆ.